ನಾಗಪುರಿಗೆ ಹೊರಟ ಬಾಣಾವರ

ಕಚೇರಿಯಿಂದ ತಲೆಬುಡವಿಲ್ಲದ ಆಜ್ಞೆಯೊಂದು ಹೊರಟಾಗ “ಇದೇನು ತುಘಲಕ್ ದರ್ಬಾರು!” ಎಂದು ನಮ್ಮ ಜನ ಗೊಣಗುವುದುಂಟು. ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟಿಸಿದ ‘ತುಘಲಕ್’ ನಾಟಕವನ್ನು ಕಂಡವರಿಗೆ ಈ ಮಾತು ಅಷ್ಟು ಹಗುರವಾಗಿ ತೋರಲಾರದು. ಅಲ್ಲಿನ ಸುಲ್ತಾನನು ಮೂಢನಲ್ಲ. ವಿದ್ಯಾವಂತನು, ಪ್ರಜಾಹಿತವನ್ನು ಹಗಲಿರುಳು ಚಿಂತಿಸತಕ್ಕವನು. ತನ್ನ ಮೇಲೆಯೇ ದಾವೆ ಹೂಡಿದವನಿಗೆ ನ್ಯಾಯ ದೊರೆಯುವಂತೆ ಮಾಡುವವನು. ಹಾಗಿದ್ದೂ ದಿಲ್ಲಿಯ ಜನರನ್ನು ದೌಲತಾಬಾದಿಗೆ ಹೊರಡಿಸುತ್ತಾನೆ, ತಾಮ್ರದ ನಾಣ್ಯವನ್ನು ಬೆಳ್ಳಿಗೆ ಸಮವೆನ್ನುತ್ತಾನೆ. ಕಡೆಗೆ ಉಳಿಯುವುದು ಹೆಣಗಳೂ ಖೋಟಾ ನಾಣ್ಯಗಳೂ.

ರಾಮರಾಜ್ಯಕ್ಕೆ ತದ್ವಿರುದ್ಧವಾದ ರಾಜ್ಯವನ್ನು ಕಲ್ಪಿಸಿ ಬರೆದ ಕೃತಿಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಹೇರಳವಾಗಿವೆ. ಅವುಗಳನ್ನು ದೂರದೇಶದ, ಮುಂಬರುವ ಕಾಲದ ಸಂಗತಿಗಳೆಂದು ಓದಿ ಮಡಿಸಿಡುವುದು ನಮ್ಮ ವಿದ್ಯಾವಂತರ ವಾಡಿಕೆ. ಅಷ್ಟು ದೂರ ಹೋಗಬೇಕಾದ ಪ್ರಮೇಯವೇ ಇಲ್ಲ. ಅರಸೀಕೆರೆಯಿಂದ ಕಡೂರಿನ ಕಡೆಗೆ ರೈಲಿನಲ್ಲಿ ಹೋಗುವವರಿಗೆ ನಡುವೆ ಬಾಣಾವರ ಸಿಕ್ಕುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ತಾನು ಕಟ್ಟಿಸುತ್ತಿದ್ದ ನಾಗಪುರಿ ಎಂಬ ಹೊಸ ಪಟ್ಟಣಕ್ಕೆ ಈ ಊರಿನ ನಿವಾಸಿಗಳನ್ನು ಸಾಗಿಸಿದನೆಂದೂ, ಆ ಸ್ಥಳವು ಆರೋಗ್ಯಕ್ಕೆ ಒಗ್ಗದೆ ಹೋದುದರಿಂದ ಕೆಲವು ವರ್ಷಗಳ ತರುವಾಯ ಅವರು ಹಿಂದಿರುಗಲು ಅಪ್ಪಣೆಯಾಯಿತೆಂದೂ ಹಳೆಯ ಮೈಸೂರು ಗ್ಯಾಸೆಟಿಯರಿನಿಂದ ತಿಳಿದುಬರುತ್ತದೆ.

ವಿಷಯ ಅಷ್ಟೇ, ಒಂದೆರಡು ಸಾಲು. ಹೊಸ ಪಟ್ಟಣ ಏಳಿಗೆಗೆ ಬರಲೆಂಬ ದೊರೆಯ ಆಸೆ ಕೆಟ್ಟದ್ದೇನಲ್ಲ. ಆದರೆ “ಆರೋಗ್ಯಕ್ಕೆ ಒಗ್ಗದು” ಎಂಬ ಅಂಶವು ದೊರೆಗೆ ಮನವರಿಕೆಯಾಗುವ ಮೊದಲು ಎಷ್ಟು ಮನೆಗಳಲ್ಲಿ ಜ್ವರ ಬಂದಿರಬೇಕು? ಹಿಂದಿರುಗಿದವರು ತಮ್ಮ ಮನೆಯ ಸೂರನ್ನು ಯಾವ ಸ್ಥಿತಿಯಲ್ಲಿ ಕಂಡರು? ಗ್ಯಾಸೆಟಿಯರ್ ಇದನ್ನು ಹೇಳುವುದಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ದೌಲತಾಬಾದಿನ ದಾರಿಯಲ್ಲಿ ಬಿದ್ದವರನ್ನು ನಾಟಕಕಾರನೊಬ್ಬನು ರಂಗದ ಮೇಲೆ ತಂದನು. ನಾಗಪುರಿಯ ದಾರಿಗೆ ಅಂಥ ಭಾಗ್ಯವಿನ್ನೂ ಬಂದಂತೆ ಕಾಣೆವು. ಇಂಥ ಕಥೆಗಳ ಪ್ರಯೋಜನವನ್ನು ನಾವು ಇಲ್ಲಿಯೇ ಕಾಣುತ್ತೇವೆ: ದಫ್ತರವು ಲೆಕ್ಕಕ್ಕೆ ಹಿಡಿಯದವರನ್ನು ಅವು ಲೆಕ್ಕಕ್ಕೆ ಹಿಡಿಯುತ್ತವೆ.

ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ಲನು 1949ರಲ್ಲಿ ಹೊರತಂದ ಕಾದಂಬರಿಯ ನಾಯಕನಿಗೆ ಹಳೆಯ ವೃತ್ತಪತ್ರಿಕೆಗಳನ್ನು ತಿದ್ದುವುದೇ ಉದ್ಯೋಗ. ಸರ್ಕಾರ ನಿನ್ನೆ ಆಡಿದ ಮಾತು ಇಂದು ಸುಳ್ಳಾದರೆ, ನಿನ್ನೆಯ ಪತ್ರಿಕೆಯನ್ನೇ ಬದಲಾಯಿಸಿಬಿಡುವುದು! ಅಚ್ಚುಮೊಳೆಯ ನಡುವೆ ಬೆಳೆದ ನಮಗೆ ಆ ಕೃತಿಯ ಮಿಕ್ಕ ಕ್ರೌರ್ಯಗಳಿಗಿಂತ ಇದೇ ಹೆಚ್ಚು ನಾಟಿತು. 1975ರ ಜೂನ್ 25ರ ರಾತ್ರಿ ದಿಲ್ಲಿಯ ಮುದ್ರಣಾಲಯಗಳ ವಿದ್ಯುತ್ತನ್ನು ನಿಲ್ಲಿಸಿದವರು ಆಂಗ್ಲರಲ್ಲ. 1919ರಲ್ಲಿ ರೌಲತ್ ಶಾಸನದ ವಿರುದ್ಧ ದೇಶವೆಲ್ಲ ಎದ್ದಿತ್ತು. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡುವ ಅಧಿಕಾರವನ್ನು 1971ರ ‘ಮೀಸಾ’ ಶಾಸನದಿಂದ ಕೊಟ್ಟದ್ದು ನಮ್ಮದೇ ಪಾರ್ಲಿಮೆಂಟು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬಂಧಿತರಾಗಿ, ಉಬ್ಬಸದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಕಾಲಕ್ಕೆ ಹಚ್ಚಿದ ಹೆಸರಾದರೋ ‘ಅನುಶಾಸನ ಪರ್ವ’. ಮಹಾಭಾರತದಲ್ಲಿ ಆ ಪರ್ವವು ಶರಶಯ್ಯೆಯ ಮೇಲಿದ್ದ ಭೀಷ್ಮನು ಅರಸನಿಗೆ ಧರ್ಮ ಹೇಳುವ ಭಾಗ. ಇಲ್ಲಿ ಅರಸರೇ ಪ್ರಜೆಗಳಿಗೆ ಹೇಳಹೊರಟರು.

ಇಂಥ ಪುಸ್ತಕ ಓದಿದವರು ಅದರೊಳಗಿನ ದುಷ್ಟ ದೊರೆಗೆ ತಮಗಾಗದ ಪಕ್ಷದವರ ಮುಖವನ್ನೇ ಅಂಟಿಸುವುದನ್ನು ನಾವು ಬಲ್ಲೆವು. ನಾವೂ ಅಂಟಿಸಿದ್ದೇವೆ. ಒಳ್ಳೆಯ ಉದ್ದೇಶದ ದೊರೆಯನ್ನು ಗುರುತಿಸುವುದು ಅದಕ್ಕಿಂತ ಕಷ್ಟ. ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರಿನಿಂದ ಹಾಸನ, ತುಮಕೂರು, ಮಂಡ್ಯದ ಹೊಲಗಳು ಹಸುರಾದುವು. ಅದನ್ನು ಅಲ್ಲಗಳೆಯುವವರು ಕೃತಘ್ನರು. ಅದೇ ನೀರು ಶೆಟ್ಟಿಹಳ್ಳಿಯ ಇಗರ್ಜಿಯನ್ನು ಮಳೆಗಾಲದಲ್ಲಿ ಮುಳುಗಿಸಿ ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ರಜಾದಿನಗಳಲ್ಲಿ ಮೋಟಾರುಗಳಲ್ಲಿ ಬಂದವರು ಆ ಪಾಳುಗೋಡೆಯ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಪ್ರಾರ್ಥನೆಗೆ ಬರುತ್ತಿದ್ದ ಸಂಸಾರಗಳು ಯಾವ ಊರು ಸೇರಿದುವು ಎಂದು ಅವರಲ್ಲಿ ಎಷ್ಟು ಜನ ವಿಚಾರಿಸಿಯಾರು?