ನಕ್ಷೆಗಿಂತ ಮೊದಲು ದಾರಿಯ ಮರ್ಯಾದೆ

ಬೆಟ್ಟದ ಸೈಕಲ್ ಸವಾರಿಗೆಂದೇ ಕನ್ನಡದಲ್ಲಿ ಒಂದು ಸ್ವತಂತ್ರ ಪತ್ರಿಕೆ ಅಚ್ಚಾಗಿ ಹೊರಬರುವುದಾದರೆ ಅದನ್ನು ಸ್ವಾಗತಿಸಬೇಕು. ಆದರೆ ಅದು ಯಾವ ಸೈಕಲ್ಲಿನ ಪತ್ರಿಕೆ ಎಂಬ ಪ್ರಶ್ನೆಯನ್ನು ಮೊದಲ ಸಂಚಿಕೆಗೂ ಮುನ್ನವೇ ಕೇಳಿಕೊಳ್ಳಬೇಕಾಗಿದೆ. ಹನೂರು ತಾಲ್ಲೂಕಿನ ಅಜ್ಜೀಪುರದಂತಹ ಊರಿಗೆ ಸೈಕಲ್ ಹೊಸದಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ರಾಗಿಯ ಮೂಟೆಗಳನ್ನು ಹೊತ್ತು ಕಲ್ಲುದಾರಿಯಲ್ಲಿ ಸಾಗಿದ್ದು ಸೈಕಲ್ಲೇ. 2006-07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ದೊರೆತಾಗ, ದೂರದ ಪ್ರೌಢಶಾಲೆ ಎಷ್ಟೋ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಇಂದು ಅದೇ ಮಣ್ಣಿನ ಹಾದಿಗೆ ದಪ್ಪ ಟೈರಿನ, ಹಲವು ಗೇರುಗಳ, ಬೆಲೆಬಾಳುವ ಸೈಕಲ್ಲುಗಳು ನಗರದ ಕಾರುಗಳ ಬೆನ್ನೇರಿ ಬರಬಲ್ಲವು. ಪತ್ರಿಕೆ ಈ ಎರಡನೆಯ ಸೈಕಲ್ಲನ್ನು ಮಾತ್ರ ಕಂಡರೆ ಅದು ಬೆಟ್ಟದ ಪತ್ರಿಕೆಯಾಗದು, ಅಂಗಡಿಯ ಬೆಲೆಪಟ್ಟಿಯಾದೀತು.

ಈ ಬಗೆಯ ಪತ್ರಿಕೆಗೆ ಒಂದು ಪೂರ್ವಚರಿತ್ರೆಯಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ, 1970ರ ದಶಕದಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟಕ್ಕೆ ಹೊತ್ತೊಯ್ದು ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಅಲ್ಲಿನ ಒಂದು ಇಳಿಜಾರಿನ ಹೆಸರು ‘ರೀಪ್ಯಾಕ್’. ಹಿಂದಕ್ಕೆ ಪೆಡಲು ತುಳಿದು ಹಿಡಿಯುವ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗುತ್ತಿದ್ದುದರಿಂದ, ಇಳಿದ ಮೇಲೆ ಮತ್ತೆ ಗ್ರೀಸು ತುಂಬಲೇಬೇಕಿತ್ತು. ಆ ಹೆಸರು ಬಂದದ್ದು ಹಾಗೆ. 1976ರಲ್ಲಿ ಅಲ್ಲಿ ಸ್ಪರ್ಧೆಗಳು ಆರಂಭವಾದವು. 1980ರಲ್ಲಿ ಚಾರ್ಲಿ ಕೆಲ್ಲಿ ಮತ್ತು ಡೆನಿಸ್ ಕಾರಮಾನ್ಯೊ ಸೇರಿ ‘ಫ್ಯಾಟ್ ಟೈರ್ ಫ್ಲೈಯರ್’ ಎಂಬ ಪುಟ್ಟ ಪತ್ರಿಕೆಯನ್ನು ಹೊರತಂದರು. ಬೆಟ್ಟದ ಸೈಕಲ್ಲಿಗೆಂದೇ ಹುಟ್ಟಿದ ಮೊದಲ ಪತ್ರಿಕೆ ಅದು. ಅದನ್ನು ಹುಟ್ಟುಹಾಕಿದ್ದು ಯಾವುದೋ ಕಂಪನಿಯಲ್ಲ, ಸವಾರರೇ. 1987ರವರೆಗೆ ಅದು ನಡೆಯಿತು.

ಆ ಬೆಟ್ಟಗಳ ಕಥೆಯ ಇನ್ನೊಂದು ಭಾಗವನ್ನೂ ಮರೆಯುವಂತಿಲ್ಲ. ಸವಾರರು ಹೆಚ್ಚಿದಂತೆ ಕಾಲ್ನಡಿಗೆಯವರಿಗೂ ಕುದುರೆ ಸವಾರರಿಗೂ ಅವರೊಡನೆ ಜಗಳವಾಯಿತು, ಅನೇಕ ಕಾಲುದಾರಿಗಳು ಸೈಕಲ್ಲಿಗೆ ಮುಚ್ಚಿಹೋದವು. 1988ರಲ್ಲಿ ಸವಾರರ ಅಂತರರಾಷ್ಟ್ರೀಯ ಸಂಘಟನೆಯೊಂದು ಹುಟ್ಟಿ ತನಗೆ ತಾನೇ ನಿಯಮ ಹಾಕಿಕೊಂಡಿತು: ತೆರೆದ ದಾರಿಯಲ್ಲಷ್ಟೇ ಸಾಗಬೇಕು, ಗುರುತು ಉಳಿಸಬಾರದು, ಪ್ರಾಣಿಗಳನ್ನು ಬೆದರಿಸಬಾರದು. ಅಲ್ಲಿ ಬಾಗಿಲು ಮುಚ್ಚಿದ ಮೇಲೆ ಬಂದ ಈ ವಿವೇಕ ಇಲ್ಲಿ ಮೊದಲೇ ಬರಬೇಕು.

ಏಕೆಂದರೆ ಇಲ್ಲಿನ ಬೆಟ್ಟಗಳಲ್ಲಿ ಪಣಕ್ಕಿರುವುದು ಬರಿಯ ಆಟವಲ್ಲ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ, 1987ರಲ್ಲಿ ಕಾವೇರಿ ಕಣಿವೆ, 2013ರಲ್ಲಿ ಮಲೆ ಮಹದೇಶ್ವರ ಬೆಟ್ಟ ವನ್ಯಜೀವಿಧಾಮಗಳಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥಲ್ಲಿಗೆ ಹೊರಗಿನವರು ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಕಾಯ್ದೆಯ ಮಾತು ಹಾಗಿರಲಿ, ಕಾಡಿನ ನ್ಯಾಯವೂ ಅದೇ. ಲಂಟಾನ ಮುಚ್ಚಿಕೊಂಡ ತಿರುವಿನ ಆಚೆ ಆನೆ ನಿಂತಿದ್ದರೆ ಕಾಣದು. ನಡೆಯುವ ಸೋಲಿಗ ನಿಂತು, ಆಲಿಸಿ, ವಾಸನೆ ಹಿಡಿದು ಮುಂದಡಿಯಿಡುತ್ತಾನೆ. ಇಳಿಜಾರಿನ ಸೈಕಲ್ಲಿಗೆ ಸದ್ದೂ ಇಲ್ಲ, ವ್ಯವಧಾನವೂ ಇಲ್ಲ. ಆನೆಗೆ ಸವಾರನ ಸುಳಿವು ಸಿಗುವ ಹೊತ್ತಿಗೆ ಇಬ್ಬರಿಗೂ ಹಿಂದೆ ಸರಿಯಲು ಜಾಗವಿರುವುದಿಲ್ಲ. ಮಣ್ಣಿನ ಪಾಡೂ ಹೀಗೆಯೇ. ಬ್ರೇಕು ಹಿಡಿದು ಜಾರಿಸಿದ ಚಕ್ರ ಒಣಮಣ್ಣನ್ನು ಸಡಿಲಿಸುತ್ತದೆ, ಹಿಂಗಾರಿನ ಮಳೆ ಅದೇ ಗೀರಿನಲ್ಲಿ ಹರಿದು ಅದನ್ನು ಕೊರಕಲಾಗಿಸುತ್ತದೆ. ಸವಾರ ಮರಳಿ ನಗರ ಸೇರಿರುತ್ತಾನೆ. ಆ ಕೊರಕಲಲ್ಲಿ ಸೌದೆ ಹೊತ್ತು ನಡೆಯಬೇಕಾದವರು ಊರವರು.

ಪತ್ರಿಕೆಯ ಜವಾಬ್ದಾರಿ ಬರುವುದು ಇಲ್ಲಿ. ಒಂದು ಕಾಲುದಾರಿಯ ನಕ್ಷೆ ಅಚ್ಚಾಯಿತೆಂದರೆ ಅದನ್ನು ಹಿಂದಕ್ಕೆ ಪಡೆಯಲಾಗದು. 2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದರು. ಅದರ ಬೆನ್ನಿಗೆ, ಆನ್‌ಲೈನ್ ನೋಂದಣಿಯಿಲ್ಲದ ದಾರಿಗಳಲ್ಲಿ ಚಾರಣವನ್ನೇ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಹೆಸರಾದ ಬೆಟ್ಟಕ್ಕೇ ಈ ಗತಿಯಾದರೆ, ಹೆಸರಿಲ್ಲದ ಪೋಡಿನ ದಾರಿ ತಡೆದುಕೊಂಡೀತೆ? ಗುಂಪು ಬಂದರೆ ಕಾವಲು ಬರುತ್ತದೆ, ಕಾವಲು ಬಂದರೆ ಗೇಟು ಬೀಳುತ್ತದೆ. ಗೇಟಿನ ಮುಂದೆ ಮೊದಲು ತಡೆಯಲ್ಪಡುವವರು ಜೇನು, ನೆಲ್ಲಿಕಾಯಿ ಅರಸಿ ಹೊರಟ ಗಿರಿಜನರು.

ಇನ್ನೂ ಒಂದು ಮಾತಿದೆ. ಸವಾರನಿಗೆ ‘ಸವಾಲಿನ ಹಾದಿ’ ಎನಿಸುವುದು ಅಲ್ಲಿರುವವರಿಗೆ ರಸ್ತೆಯೇ ಇಲ್ಲದ ಬದುಕು. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ಮೂಲಸೌಕರ್ಯಗಳ ಕೊರತೆಯ ಸಿಟ್ಟು 2024ರ ಏಪ್ರಿಲ್‌ನಲ್ಲಿ ಮತದಾನ ಬಹಿಷ್ಕಾರದವರೆಗೆ, ಮತಗಟ್ಟೆಯ ಧ್ವಂಸದವರೆಗೆ ಹೋಯಿತು. ಆ ಹಿಂಸೆಯನ್ನು ಒಪ್ಪಬೇಕಿಲ್ಲ, ಆದರೆ ಅದರ ಹಿಂದಿನ ಸಂಕಟವನ್ನು ಕಾಣದವರು ಆ ಕಲ್ಲುಗಳ ಸೊಗಸನ್ನು ವರ್ಣಿಸುವುದು ಕ್ರೌರ್ಯವಾದೀತು.

ಹಾಗಾದರೆ ದಾರಿಗಳನ್ನು ಮುಚ್ಚಿಡಬೇಕೆ, ಯುವಜನರಿಗೆ ಬೆಟ್ಟದ ಸಂತೋಷ ಬೇಡವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಸೈಕಲ್ ಹೊಗೆಯುಗುಳುವುದಿಲ್ಲ, ಹಾರನ್ ಹೊಡೆಯುವುದಿಲ್ಲ, ಜೀಪು ಸಫಾರಿಗಿಂತ ಎಷ್ಟೋ ಮೇಲು. ವನ್ಯಜೀವಿಧಾಮದ ಹೊರಗೆ ಊರಿಂದೂರಿಗೆ ಬಂಡಿಜಾಡುಗಳಿವೆ, ಕೆರೆ ಏರಿಗಳಿವೆ, ಹೊಲದ ಬದಿಯ ಹಾದಿಗಳಿವೆ. ಅವುಗಳಲ್ಲಿ ಊರವರ ಒಪ್ಪಿಗೆ ಪಡೆದು ಸವಾರಿ ಮಾಡಲಿ, ಬರೆಯಲಿ. ಕಾಡಿನೊಳಗಿನ ದಾರಿಯ ವಿಷಯದಲ್ಲಿ ಮಾತ್ರ ಇಲಾಖೆಯ ಅನುಮತಿ ಇದ್ದರೂ ಸಾಲದು, ಗ್ರಾಮಸಭೆಯ ಮಾತೂ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಆ ಸ್ಥಾನ ನೀಡಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಾಮುದಾಯಿಕ ಅರಣ್ಯ ಹಕ್ಕನ್ನು ಪಡೆದದ್ದು ಸುಮ್ಮನೆ ಬಂದ ವರವಲ್ಲ, ದೀರ್ಘ ಹೋರಾಟದ ಫಲ.

ಸ್ವತಂತ್ರ ಎಂಬ ಪದಕ್ಕೂ ಬೆಲೆ ತೆರಬೇಕಾಗುತ್ತದೆ. ಸೈಕಲ್ ಕಂಪನಿ ಮತ್ತು ರೆಸಾರ್ಟುಗಳ ಜಾಹೀರಾತಿನಿಂದ ನಡೆಯುವ ಪತ್ರಿಕೆ ‘ಈ ದಾರಿಗೆ ಬರಬೇಡಿ’ ಎಂದು ಬರೆಯಲಾರದು. ಕನ್ನಡಕ್ಕೆ ಬೇರೆ ಮಾದರಿಗಳಿವೆ. 1980ರಲ್ಲಿ ಹುಟ್ಟಿದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೆ ಓದುಗರ ಬಲದಿಂದಲೇ ನಿಂತಿತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಯ ಬಗ್ಗೆ ಕೃಷಿಕರೇ ಬರೆಯಬೇಕೆಂಬ ನಿಲುವು ತಾಳಿತು. ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಎಷ್ಟೋ ಕೃಷಿಕರು ಲೇಖಕರಾದರು. 2024ರ ಮಾರ್ಚ್‌ನಿಂದ ಜಾರಿಯಲ್ಲಿರುವ ಹೊಸ ಪತ್ರಿಕಾ ನೋಂದಣಿ ಕಾಯ್ದೆಯಡಿ ಹೆಸರು ಮತ್ತು ನೋಂದಣಿಗೆ ಒಟ್ಟಿಗೇ ಆನ್‌ಲೈನ್ ಅರ್ಜಿ ಸಲ್ಲಿಸಬಹುದು. ಕಷ್ಟವಿರುವುದು ಅರ್ಜಿಯಲ್ಲಲ್ಲ, ಹತ್ತನೆಯ ಸಂಚಿಕೆಯವರೆಗೂ ಚಂದಾದಾರರನ್ನು ಉಳಿಸಿಕೊಳ್ಳುವುದರಲ್ಲಿ. ಅಚ್ಚಿನ ಹಾಳೆಗೆ ಒಂದು ಅನುಕೂಲವುಂಟು: ಮೊಬೈಲ್ ಸಿಗ್ನಲ್ ಸಿಗದ ಪೋಡಿಗೂ ಅದು ಕೈಯಿಂದ ಕೈಗೆ ತಲುಪೀತು.

ಅಂಥ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಪಂಕ್ಚರ್ ಅಂಗಡಿಯವರ ಅನುಭವವಿರಲಿ, ಶಾಲೆಗೆ ಸೈಕಲ್ ತುಳಿದ ಹುಡುಗಿಯ ಬರಹವಿರಲಿ, ಆನೆಯ ದಾರಿ ಬಲ್ಲ ಸೋಲಿಗ ಹಿರಿಯರ ಎಚ್ಚರಿಕೆಯಿರಲಿ. ಎಪ್ಪತ್ತೇಳು ಮಲೆಗಳ ಮಹದೇಶ್ವರನ ಕಥೆಯನ್ನು ದೇವರಗುಡ್ಡರು ಊರೂರು ನಡೆದು ಹಾಡುತ್ತ ಉಳಿಸಿದರು. ಈ ಮಲೆಗಳ ಮಾತು ಇಲ್ಲಿಯವರ ಬಾಯಿಂದಲೇ ಬರಬೇಕೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಅಜ್ಜೀಪುರ, ಹನೂರು, ಯಳಂದೂರಿನ ವಿದ್ಯಾರ್ಥಿಗಳು ಇದನ್ನು ಬೇರೆಯವರು ಆರಂಭಿಸಲೆಂದು ಕಾಯಬೇಕಿಲ್ಲ. ಅವರು ಬರೆಯದಿದ್ದರೆ ಈ ದಾರಿಗಳ ಬಗ್ಗೆ ಬರೆಯುವವರು ಬೇರೆಯವರೇ ಆಗುತ್ತಾರೆ, ನಕ್ಷೆಯೂ ಅವರದೇ ಆಗುತ್ತದೆ.