ವಿಚಾರಣೆಯ ಕಡತ ಯಾರ ಸ್ವತ್ತು?

ನಗರಸಭೆಯ ನೌಕರನೊಬ್ಬ ಕಂದಾಯದ ಹಣ ಎಣಿಸಿಕೊಂಡು ರಶೀದಿ ಕೊಡಲಿಲ್ಲವೆಂದೋ, ಖಾತೆ ಬದಲಾಯಿಸಲು ಲಂಚ ಕೇಳಿದನೆಂದೋ ದೂರು ಹೋಗುತ್ತದೆ. ಜನ ಗಲಾಟೆ ಮಾಡುತ್ತಾರೆ. ಕೂಡಲೇ ಮೇಲಧಿಕಾರಿಗಳು ‘ಇಲಾಖಾ ವಿಚಾರಣೆಗೆ ಆದೇಶಿಸಿದ್ದೇವೆ’ ಎಂದು ಹೇಳಿಕೆ ಕೊಡುತ್ತಾರೆ. ಅಲ್ಲಿಗೆ ಜನರ ಬಾಯಿ ಮುಚ್ಚಿತು. ಕೆಲವು ತಿಂಗಳ ಮೇಲೆ ನೋಡಿದರೆ ಅದೇ ಮನುಷ್ಯ ಅದೇ ಕುರ್ಚಿಯಲ್ಲಿ, ಇಲ್ಲವೇ ಪಕ್ಕದೂರಿನ ಇನ್ನೂ ಮೆತ್ತನೆಯ ಕುರ್ಚಿಯಲ್ಲಿ ಕುಳಿತಿರುತ್ತಾನೆ. ವಿಚಾರಣೆ ನಡೆಯಿತೆ? ಆರೋಪ ರುಜುವಾತಾಯಿತೆ? ಹೋದ ಹಣ ಬಂತೆ? ಕೇಳಿದರೆ ಒಂದೇ ಉತ್ತರ: ‘ಅದು ನೌಕರರ ಖಾಸಗಿ ವಿಷಯ, ಕೊಡಲು ಬರುವುದಿಲ್ಲ.’

ಇದೇನು ನ್ಯಾಯ? ಹಣ ನಮ್ಮದು, ಸಂಬಳ ನಮ್ಮದು, ಮೋಸಹೋದವರು ನಾವು. ಕಡತ ಮಾತ್ರ ಅವರ ಖಾಸಗಿ!

ತಿಳಿಯುವ ಹಕ್ಕನ್ನು ಯಾವ ಪ್ರಭುವೂ ನಮಗೆ ದಾನ ಕೊಟ್ಟದ್ದಲ್ಲ. ಸಮಾಜವಾದಿ ಧುರೀಣ ರಾಜನಾರಾಯಣರು ಪ್ರಧಾನಿಯ ಪ್ರವಾಸ ವ್ಯವಸ್ಥೆಯ ಕಾಗದಪತ್ರ ಕೇಳಿದಾಗ ಸರ್ಕಾರ ಗುಟ್ಟೆಂದಿತು. 1975ರಲ್ಲಿ ಆ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮ್ಯಾಥ್ಯೂ ಅವರು, ಅಧಿಕಾರಸ್ಥರು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕೆಲಸವನ್ನೂ ತಿಳಿಯುವ ಹಕ್ಕು ಈ ದೇಶದ ಜನರಿಗಿದೆಯೆಂದು ಸಾರಿದರು. 1996ರಲ್ಲಿ ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ ಕೂಲಿಕಾರರೂ ರೈತರೂ ಕಾಮಗಾರಿಯ ಲೆಕ್ಕ ತೋರಿಸಿರೆಂದು ನಲವತ್ತು ದಿನ ಧರಣಿ ಕುಳಿತರು. ಕೂಲಿಯ ಪಟ್ಟಿಯಲ್ಲಿ ಸುಳ್ಳು ಹೆಸರು ಬರೆದು ಹಣ ನುಂಗಿದ್ದನ್ನು ಅವರು ಕಂಡಿದ್ದರು. ಇಂಥ ಹೋರಾಟಗಳ ಫಲವೇ 2005ರ ಮಾಹಿತಿ ಹಕ್ಕು ಕಾಯಿದೆ.

ಆ ಕಾಯಿದೆಯ ಬೇರಿಗೆ ಮೊದಲ ಕೊಡಲಿಯೇಟು ಬಿದ್ದದ್ದು 2012ರಲ್ಲಿ. ಅಕೋಲಾದ ಭವಿಷ್ಯನಿಧಿ ಕಚೇರಿಯಲ್ಲಿದ್ದ ಅಧಿಕಾರಿಯೊಬ್ಬರಿಗೆ ಕೊಟ್ಟ ನೋಟೀಸು, ವಿಧಿಸಿದ ಶಿಕ್ಷೆ ಮುಂತಾದವುಗಳ ನಕಲನ್ನು ನಾಗರಿಕರೊಬ್ಬರು ಕೇಳಿದ್ದರು. ನೌಕರನ ಕೆಲಸದ ವಿಷಯ ಮುಖ್ಯವಾಗಿ ಅವನಿಗೂ ಅವನ ಮಾಲೀಕನಿಗೂ ನಡುವಿನದು, ಅದು ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ವ್ಯಾಪಕ ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂದೂ ಅದೇ ತೀರ್ಪಿನಲ್ಲಿದೆ. ಆದರೆ ಕಚೇರಿಗಳು ಮೊದಲ ಮಾತನ್ನು ಕಂಠಪಾಠ ಮಾಡಿ ಎರಡನೆಯದನ್ನು ಮರೆತಿವೆ.

ಇರಲಿ, ಮಾಲೀಕನಿಗೂ ನೌಕರನಿಗೂ ನಡುವಿನ ವಿಷಯವೆಂದೇ ಒಪ್ಪೋಣ. ನಗರಸಭೆಯ ಮಾಲೀಕ ಯಾರು? ಪೌರಾಯುಕ್ತರೆ? ಅವರೂ ಸಂಬಳದವರೇ. ಅಧ್ಯಕ್ಷರೆ? ಅವರು ನಮ್ಮ ಓಟಿನಿಂದ ಬಂದವರು. ಮನೆಕಂದಾಯ ಕಟ್ಟುವ ಗಿರಣಿ ಕಾರ್ಮಿಕ, ಪರವಾನಗಿ ಶುಲ್ಕ ಕಟ್ಟುವ ಅಂಗಡಿಕಾರ, ದಿನದ ಸುಂಕ ಕೊಟ್ಟು ಸಂತೆಯಲ್ಲಿ ಸೊಪ್ಪು ಮಾರುವ ತಾಯಿ, ಇವರೇ ಮಾಲೀಕರು. ಮಾಲೀಕನಿಗೇ ‘ನಿನಗೆ ಸಂಬಂಧವಿಲ್ಲ’ ಎನ್ನುವ ಆಳನ್ನು ಯಾವ ಅಂಗಡಿಯಲ್ಲಿಯೂ ಇಟ್ಟುಕೊಳ್ಳುವುದಿಲ್ಲ.

ಎರಡನೆಯ ಏಟು ಇನ್ನೂ ಜೋರಿನದು. ಹಳೆಯ ಕಾಯಿದೆಯ 8(1)(ಜೆ) ಕಲಮಿನಲ್ಲಿ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಅಕಾರಣವಾಗಿ ಖಾಸಗಿ ಬದುಕಿಗೆ ಕೈಹಾಕುವ ಮಾಹಿತಿಗೆ ಮಾತ್ರ ತಡೆಯಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಶ್ರೀಸಾಮಾನ್ಯನಿಗೂ ನಿರಾಕರಿಸಬಾರದೆಂಬ ಮಾತೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 44(3)ನೇ ಕಲಮು ಇದೆಲ್ಲವನ್ನೂ ಕಿತ್ತುಹಾಕಿ, ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು, ಕೊಡಬೇಕಾಗಿಲ್ಲ ಎಂದಿತು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಬಡವನ ಗುಟ್ಟು ಕಾಯುತ್ತೇವೆಂದು ಹೊರಟವರು ಕಾದದ್ದು ಯಾರ ಗುಟ್ಟು?

ಗಿರಣಿಯಲ್ಲಿ ದುಡಿಯುವವರಿಗೆ ಇದರ ವ್ಯಂಗ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಮಿಕನೊಬ್ಬ ಮೇಸ್ತ್ರಿಗೆ ಎದುರುತ್ತರ ಕೊಟ್ಟರೆ ಅವನ ಅಮಾನತಿನ ಆದೇಶವನ್ನು ಗೇಟಿನ ನೋಟೀಸು ಬೋರ್ಡಿಗೆ ಅಂಟಿಸುತ್ತಾರೆ. ಅವನಿಗೆ ಮಾನವಿಲ್ಲವೆ, ಖಾಸಗಿ ಬದುಕಿಲ್ಲವೆ? ಜನರ ಹಣ ಮುಟ್ಟಿದವನ ಕಾಗದ ಮಾತ್ರ ಬೀರುವಿನೊಳಗೆ!

ಸುಳ್ಳು ದೂರು ಹೊತ್ತ ಪ್ರಾಮಾಣಿಕ ನೌಕರನ ಗತಿಯೇನೆಂದು ಕೆಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಅವನನ್ನು ಕಾಯುವುದು ತೆರೆದ ಕಡತವೇ. ಮುಚ್ಚಿದ ಕಡತದಿಂದ ಅವನ ಮೇಲಿನ ಗುಮಾನಿ ಸಾಯುವವರೆಗೂ ಹೋಗುವುದಿಲ್ಲ. ‘ಆರೋಪ ಸುಳ್ಳು’ ಎಂಬ ವರದಿ ಹೊರಬಂದರೆ ಅವನು ತಲೆಯೆತ್ತಿ ನಡೆಯುತ್ತಾನೆ. ಇನ್ನೊಂದು ಮಾತು. ಎಷ್ಟೋ ಸಲ ತಲೆ ಹೋಗುವುದು ಬಿಲ್ ಕಲೆಕ್ಟರನದು, ಪಾಲು ಹೋಗುವುದು ಮೇಲಕ್ಕೆ. ಯಾರ ಅಪ್ಪಣೆಯಿಂದ, ಯಾರ ರುಜುವಿನಿಂದ ಕೆಲಸ ನಡೆಯಿತೆಂಬುದು ಕಡತದಲ್ಲಿರುತ್ತದೆ. ಗುಟ್ಟಿನ ಪರದೆ ಕಾಪಾಡುವುದು ಗುಮಾಸ್ತನನ್ನಲ್ಲ, ದೊಡ್ಡವರನ್ನು. ಆದ್ದರಿಂದ ನಗರಸಭೆಯ ನೌಕರ ಬಂಧುಗಳೂ ಈ ಬೇಡಿಕೆಯಲ್ಲಿ ನಮ್ಮೊಡನೆ ನಿಲ್ಲಬೇಕು. ಯಾರ ಕಾಯಿಲೆಯ ಚೀಟಿಯೂ, ಯಾರ ಸಂಸಾರದ ಸಂಗತಿಯೂ ನಮಗೆ ಬೇಡ. ಅಂಥದ್ದಿದ್ದರೆ ಅಷ್ಟನ್ನು ಮರೆಮಾಡಿ ಉಳಿದದ್ದನ್ನು ಕೊಡಲು ಕಾಯಿದೆಯ 10ನೇ ಕಲಮಿನಲ್ಲಿ ದಾರಿಯಿದೆ.

‘ತನಿಖೆ ನಡೆಯುತ್ತಿದೆ’ ಎಂಬುದು ಇನ್ನೊಂದು ನೆಪ. ತನಿಖೆ ನಡೆಯುತ್ತಿದೆ ಎಂದಷ್ಟೇ ಹೇಳಿದರೆ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆಂದು ಕಾರಣ ತೋರಿಸಬೇಕೆಂದು ದೆಹಲಿ ಹೈಕೋರ್ಟು 2007ರಲ್ಲಿಯೇ ಹೇಳಿದೆ. ವರ್ಷಗಟ್ಟಲೆ ಮುಗಿಯದ ತನಿಖೆ ತನಿಖೆಯಲ್ಲ, ಸಮಾಧಿ.

ಹಾಗಾದರೆ ನಾವು ಮಾಡಬೇಕಾದದ್ದೇನು? ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಬರೆಯಬೇಕು. ಒಂದು ಅರ್ಜಿಗೆ ಒಂದೇ ವಿಷಯ. ನಮ್ಮ ರಾಜ್ಯದ ನಿಯಮದಂತೆ 150 ಶಬ್ದ ಮೀರಬಾರದು. ದೋಷಾರೋಪ ಪಟ್ಟಿ, ವಿಚಾರಣಾಧಿಕಾರಿಯ ವರದಿ, ಅಂತಿಮ ಆದೇಶ, ವಸೂಲಾದ ಹಣದ ಲೆಕ್ಕ, ಇವುಗಳ ನಕಲು ಬೇಕೆಂದು ಸ್ಪಷ್ಟವಾಗಿ ಕೇಳಬೇಕು. ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆನ್ನುವ 8(2)ನೇ ಕಲಮು ಇನ್ನೂ ಜೀವಂತವಿದೆ. ಅದನ್ನು ಅರ್ಜಿಯಲ್ಲಿಯೇ ಬರೆಯಬೇಕು. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಇಲ್ಲವೆಂದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವುಂಟು.

ಒಬ್ಬನೇ ಅರ್ಜಿ ಹಾಕಿದರೆ ಅವನ ಅಂಗಡಿಯ ಪರವಾನಗಿಗೆ ತೊಡಕು ಹುಟ್ಟುತ್ತದೆ, ನಲ್ಲಿಯ ನೀರು ನಿಲ್ಲುತ್ತದೆ. ಬೀದಿಗೆ ಹತ್ತು ಜನ, ಗಿರಣಿಗೆ ಇಪ್ಪತ್ತು ಜನ ಹಾಕಲಿ. ಯಾರನ್ನು ಹೆದರಿಸುತ್ತಾರೆ, ನೋಡೋಣ.

ನಮ್ಮ ಬೇಡಿಕೆ ಎರಡೇ. ಮುಗಿದ ಪ್ರತಿಯೊಂದು ವಿಚಾರಣೆಯ ವರದಿಯನ್ನೂ ಆದೇಶವನ್ನೂ ನಗರಸಭೆಯ ನೋಟೀಸು ಬೋರ್ಡಿಗೆ ಹಾಕಬೇಕು. ಹಕ್ಕನ್ನು ಕಸಿದ 44(3)ನೇ ಕಲಮನ್ನು ರದ್ದುಮಾಡಬೇಕು. ಓಟು ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಅವನು ಯಾವ ಪಕ್ಷದವನೇ ಆಗಿರಲಿ, ಬಾಗಿಲಲ್ಲಿಯೇ ನಿಲ್ಲಿಸಿ ಈ ಎರಡಕ್ಕೂ ಉತ್ತರ ಕೇಳಿರಿ. ಕಡತ ನಮ್ಮದು. ಬೀಗದ ಕೈಯೂ ನಮ್ಮದಾಗಬೇಕು.