ಸಮಸ್ಯೆಯೊಂದು, ಗೆಳೆಯರೈವರು



ಮೇಖ್ರಿ ವೃತ್ತದಿಂದ ಅನತಿದೂರದಲ್ಲಿ, ಒಂದು ಬಂಡೆಯ ಮೇಲೆ, ಕೆಂಪೇಗೌಡರ ಹೆಸರನ್ನು ಹೊತ್ತ ಕಲ್ಲಿನ ಗೋಪುರವೊಂದುಂಟು. ಬೆಂಗಳೂರಿನ ನಾಲ್ಕು ದಿಕ್ಕುಗಳ ನಾಲ್ಕು ಗೋಪುರಗಳಲ್ಲಿ ಇದು ಉತ್ತರದ್ದು. ಕಳೆದ ವರ್ಷ ಒಂದು ಭಾನುವಾರದ ಪ್ರಾತಃಕಾಲದಲ್ಲಿ ನಾವು ಐವರು ಅದರ ಮುಂದೆ ಕುಳಿತು, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು, ಒಂದು ಕಣ್ಣನ್ನು ಮುಚ್ಚಿ, ಪೆನ್ಸಿಲನ್ನು ಮುಂದಕ್ಕೆ ಚಾಚಿ ಗೋಪುರದ ಎತ್ತರವನ್ನು ಅಳೆಯುತ್ತಿದ್ದೆವು. ವಾಯುಸೇವನೆಗೆ ಬಂದಿದ್ದ ವೃದ್ಧರೊಬ್ಬರು ನಮ್ಮನ್ನು ಬಹಳ ಹೊತ್ತು ನೋಡುತ್ತಿದ್ದು, ಕಡೆಗೆ ತಡೆಯಲಾರದೆ, "ಏನು ಸ್ವಾಮಿ, ಸರ್ವೆ ನಡೆಯುತ್ತಿದೆಯೆ? ರಸ್ತೆಯನ್ನು ಇನ್ನೂ ಅಗಲ ಮಾಡುವರೆ?" ಎಂದು ಕೇಳಿದರು. ಚಿತ್ರ ಬರೆಯುತ್ತಿದ್ದೇವೆಂದು ತಿಳಿದಮೇಲೆ ಅವರ ಗಾಬರಿ ಇಳಿಯಿತು, ಆಶ್ಚರ್ಯ ಏರಿತು. "ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ?" ಎಂದರು. ನಮ್ಮ ಗಾರ್ಡ್ ಸಾಹೇಬರು ತಲೆಯೆತ್ತದೆಯೇ, "ಪರೀಕ್ಷೆಗಲ್ಲ ಸ್ವಾಮಿ. ಚೀಟಿಯಲ್ಲಿ ಹಾಗೆ ಬಂದಿದೆ" ಎಂದುಬಿಟ್ಟರು.

ಈ ಚೀಟಿಯ ವಿಷಯವನ್ನು ವಾಚಕರಿಗೆ ಅರಿಕೆಮಾಡಬೇಕೆಂಬುದೇ ಈ ತಿಂಗಳ ನನ್ನ ಉದ್ದೇಶ. ನಾವು ಐವರೂ ನಗರದ ಉತ್ತರಭಾಗದವರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾಗಿ ಯಲಹಂಕದಲ್ಲಿ ನೆಲಸಿದವರೊಬ್ಬರು. ಯಶವಂತಪುರದಲ್ಲಿ ಔಷಧಿಯ ಅಂಗಡಿ ನಡೆಸುವವರೊಬ್ಬರು. ಹೆಬ್ಬಾಳದ ಉಪಾಧ್ಯಾಯಿನಿಯೊಬ್ಬರು, ಅವರ ಓರಗಿತ್ತಿ. ಇವರೊಡನೆ ರವೀಂದ್ರನಾಥ ಟಾಗೋರ್ ನಗರದ ನಿವಾಸಿಯಾದ ನಾನು. ನಮ್ಮಲ್ಲಿ ಚಿತ್ರಕಲೆಯನ್ನು ಕ್ರಮವಾಗಿ ಕಲಿತವರು ಒಬ್ಬರೂ ಇಲ್ಲ. ಹಳೆಯ ಹಿತ್ತಾಳೆಯ ಚೊಂಬೊಂದರಲ್ಲಿ ಚೀಟಿಗಳನ್ನು ಹಾಕಿಟ್ಟಿದ್ದೇವೆ. ಹದಿನೈದು ದಿವಸಗಳಿಗೊಮ್ಮೆ ಒಂದನ್ನು ಎತ್ತುವುದು. ಅದರಲ್ಲಿ 'ಬಾಗಿಲು' ಎಂದಿದ್ದರೆ ಬಾಗಿಲು, 'ಮಳೆ ನಿಂತ ಮೇಲೆ' ಎಂದಿದ್ದರೆ ಮಳೆ ನಿಂತ ಮೇಲಿನದು. ಮುಂದಿನ ಸಭೆಗೆ ಎಲ್ಲರೂ ಅದನ್ನೇ ಬರೆದು ತರತಕ್ಕದ್ದು. ಬರೆಯದೆ ಬಂದವರು ಎಲ್ಲರಿಗೂ ಕಾಫಿ ಕೊಡಿಸತಕ್ಕದ್ದು.

"ಮನಸ್ಸಿಗೆ ಬಂದದ್ದನ್ನು ಬರೆಯುವುದೇ ಕಲೆಯಲ್ಲವೆ? ಅಪ್ಪಣೆಯ ಮೇಲೆ ಬರೆಯುವುದೆಂತಹ ಕಲೆ?" ಎಂದು ಕೇಳುವವರಿದ್ದಾರೆ. ಅವರು ತಮ್ಮ ಮನೆಯ ಹೊಸ್ತಿಲಿನಾಚೆಗೆ ಒಮ್ಮೆ ದೃಷ್ಟಿಯಿಡಬೇಕು. ಚುಕ್ಕಿಯ ರಂಗೋಲಿಯಲ್ಲಿ ಚುಕ್ಕಿಗಳಿಗೆ ಕಟ್ಟುನಿಟ್ಟಾದ ಲೆಕ್ಕವುಂಟು. ಏಳರಿಂದ ಒಂದಕ್ಕೆ ಇಳಿಯಬೇಕೆಂದರೆ ಇಳಿಯಲೇಬೇಕು. ಆದರೆ ಆ ಚುಕ್ಕಿಗಳ ನಡುವೆ ಎಳೆಯು ಹರಿಯುವ ದಾರಿ ಎಳೆಯುವವರ ಇಷ್ಟ. ಧನುರ್ಮಾಸದ ಚಳಿಯಲ್ಲಿ ನಮ್ಮ ತಾಯಂದಿರು ದಿನಕ್ಕೊಂದು ಹೊಸ ರಂಗೋಲಿಯನ್ನು ಬಿಡಿಸುತ್ತಿದ್ದಾಗ 'ಇಂದು ನನಗೆ ಸ್ಫೂರ್ತಿಯಿಲ್ಲ' ಎಂದು ಯಾರೂ ಮಲಗಿರಲಿಲ್ಲ. ಅಂಗಳಕ್ಕೆ ನೀರು ಹಾಕಿಯಾಗಿದೆ, ಎದುರು ಮನೆಯಾಕೆ ಆಗಲೇ ಬಿಡಿಸಿದ್ದಾಳೆ. ಕೈ ತಾನಾಗಿಯೇ ಓಡುತ್ತಿತ್ತು. ಗೃಹಸ್ಥರಾದ ನಮಗೆ ಕಲೆಗೆ ಅಡ್ಡಿಯಾಗಿರುವುದು ಶಕ್ತಿಯ ಅಭಾವವಲ್ಲ, ಪ್ರಾರಂಭದ ಅಭಾವ. 'ಏನನ್ನು ಬರೆಯಲಿ?' ಎಂಬ ಯೋಚನೆಯಲ್ಲಿಯೇ ಭಾನುವಾರ ಕಳೆದುಹೋಗುತ್ತದೆ. ಚೀಟಿಯು ಆ ಯೋಚನೆಯನ್ನು ನಮ್ಮ ತಲೆಯಿಂದ ಇಳಿಸಿ, ಹಗುರವಾದ ಕೈಯನ್ನು ಕಾಗದದ ಮೇಲಿಡುತ್ತದೆ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸಮಸ್ಯಾಪೂರಣವೆಂಬ ವಿನೋದವನ್ನು ಕೇಳದವರು ಯಾರು? ಅರ್ಥವಿಲ್ಲದಂತೆ ತೋರುವ ಪದ್ಯದ ಕಡೆಯ ಸಾಲೊಂದನ್ನು ಒಬ್ಬರು ಒಡ್ಡುವರು. ಉಳಿದ ಸಾಲುಗಳನ್ನು ಮತ್ತೊಬ್ಬರು ಹೆಣೆದು ಅದಕ್ಕೆ ಅರ್ಥ ಬರಿಸಬೇಕು. 'ಹಾಡುಹಗಲಿನಲ್ಲಿ ಚಂದ್ರನನ್ನು ಕಂಡು ತಾವರೆ ಅರಳಿತು' ಎಂದು ಒಡ್ಡಿದರೆನ್ನಿರಿ. ಚಂದ್ರನನ್ನು ಕಂಡು ತಾವರೆ ಮುದುಡಬೇಕಲ್ಲದೆ ಅರಳುವುದುಂಟೆ? ಶಾಲೆಯಿಂದ ಓಡಿಬಂದ ಮಗುವಿನ ಮುಖಚಂದ್ರನನ್ನು ಬಾಗಿಲಲ್ಲಿ ಕಂಡು ತಾಯಿಯ ಮುಖಕಮಲ ಅರಳಿತೆಂದರೆ ಗಂಟು ಸಡಿಲಿತು. ಅವಧಾನಕಲೆಯಲ್ಲಿ ಇಂತಹ ಕಟ್ಟುಗಳು ಹಲವು: ಕೊಟ್ಟ ನಾಲ್ಕು ಪದಗಳನ್ನು ಪದ್ಯದಲ್ಲಿ ಸೇರಿಸಬೇಕಾದ ದತ್ತಪದಿ, ಮುಂದೆ ಬರಬಹುದಾದ ಅಕ್ಷರವನ್ನೇ ಪೃಚ್ಛಕರು ಬೇಡವೆಂದು ತಡೆಯುವ ನಿಷೇಧಾಕ್ಷರಿ. ತಡೆದಷ್ಟೂ ಕವಿಯ ಬುದ್ಧಿ ಹೊಸ ಹಾದಿಯನ್ನು ಹುಡುಕುತ್ತದೆ.

ಇದೆಲ್ಲ ಅರಸರ ಆಸ್ಥಾನಕ್ಕೆ ಸಂದ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಈ ಶತಮಾನದಲ್ಲಿ 'ಪದ್ಯಪಾನ' ಎಂಬ ಗೆಳೆಯರ ಬಳಗವೊಂದು ಹುಟ್ಟಿತು. ಶತಾವಧಾನಿ ಆರ್. ಗಣೇಶರ ಮಾರ್ಗದರ್ಶನ ಇದಕ್ಕೆ ದೊರೆಯಿತು. ಛಂದಸ್ಸಿನಲ್ಲಿ ಪದ್ಯ ಕಟ್ಟುವುದನ್ನು ಬೇರೆ ಬೇರೆ ಉದ್ಯೋಗದಲ್ಲಿದ್ದ ಹವ್ಯಾಸಿಗಳು ಇಲ್ಲಿ ಒಬ್ಬರಿಂದೊಬ್ಬರು ಕಲಿತರು. 'ಪದ್ಯಸಪ್ತಾಹ'ವೆಂಬ ಹೆಸರಿನಲ್ಲಿ ಒಮ್ಮೆ ಸಮಸ್ಯೆ, ಒಮ್ಮೆ ದತ್ತಪದಿ, ಒಮ್ಮೆ ವರ್ಣನೆ, ಮತ್ತೊಮ್ಮೆ ಒಂದು ಚಿತ್ರವನ್ನು ಮುಂದಿಟ್ಟು ಅದಕ್ಕೆ ಪದ್ಯ, ಹೀಗೆ ಕೆಲಸವನ್ನು ಒಡ್ಡುತ್ತಿದ್ದರು. ಒಬ್ಬರು ಬರೆದದ್ದರಲ್ಲಿ ಮಾತ್ರೆ ತಪ್ಪಿದರೆ ಇನ್ನೊಬ್ಬರು ತಿದ್ದುವರು. ತಿದ್ದಿಸಿಕೊಂಡವರು ಮತ್ತೆ ಬರೆಯುವರು. ಇದೇ ಬಳಗದ ಆಶ್ರಯದಲ್ಲಿ 2012ರ ಕೊನೆಯಲ್ಲಿ ಗಣೇಶರು ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರೆಂಬುದು ನಮ್ಮ ನಗರಕ್ಕೆ ಹೆಮ್ಮೆಯ ಸಂಗತಿ. ಹತ್ತಾರು ಜನ ಹವ್ಯಾಸಿಗಳು ಎಡವುತ್ತ ಕಲಿಯುವ ಅಂಗಳವೊಂದಿದ್ದರೆ, ಮಹಾಸಭೆಗೆ ಬೇಕಾದ ರಸಿಕರೂ ಪೃಚ್ಛಕರೂ ಅಲ್ಲಿಂದಲೇ ಏಳುವರು.

ಚಿತ್ರಕಲೆಯಲ್ಲಿಯೂ ಹೊರದೇಶದವರು ಈ ಹಾದಿಯನ್ನೇ ತುಳಿದಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಗೇಬ್ರಿಯಲ್ ಕಂಪನಾರಿಯೊ ಎಂಬ ಪತ್ರಿಕಾಚಿತ್ರಕಾರರು 2007ರಲ್ಲಿ, ತಾವು ವಾಸಿಸುವ ಊರನ್ನು ಸ್ಥಳದಲ್ಲಿಯೇ ಕುಳಿತು ಕಂಡಂತೆ ಬರೆಯುವವರನ್ನು ಒಟ್ಟುಗೂಡಿಸಿದರು. 2009ರಲ್ಲಿ ಜೇಕ್ ಪಾರ್ಕರ್ ಎಂಬ ಮತ್ತೊಬ್ಬ ಚಿತ್ರಕಾರರು, ತಮ್ಮ ಮಸಿಯ ಕೈವಾಡ ಸುಧಾರಿಸಲೆಂದು ಅಕ್ಟೋಬರ್ ತಿಂಗಳಿನಲ್ಲಿ ದಿನಕ್ಕೊಂದರಂತೆ 31 ಚಿತ್ರಗಳ ವ್ರತವನ್ನು ಹಿಡಿದರು. ಇಂದು ಅದನ್ನು ಅನುಸರಿಸುವವರು ಹಲವು ದೇಶಗಳಲ್ಲಿ ಇದ್ದಾರೆ. ನಮ್ಮ ಬೆಂಗಳೂರಿನಲ್ಲಿಯೂ ರಜೆಯ ದಿನಗಳಲ್ಲಿ ಮಾರುಕಟ್ಟೆ, ಉದ್ಯಾನ, ಹಳೆಯ ಕಟ್ಟಡಗಳ ಮುಂದೆ ಗುಂಪಾಗಿ ಕುಳಿತು ಬರೆಯುವ ಉತ್ಸಾಹಿಗಳನ್ನು ವಾಚಕರು ಕಂಡಿರಬಹುದು.

ಇಷ್ಟೆಲ್ಲವನ್ನೂ ತಿಳಿದಿದ್ದ ನಾನೇ ನಮ್ಮ ಪುಟ್ಟ ಬಳಗವನ್ನು ಮುರಿಯುವುದಕ್ಕೆ ಕಾರಣನಾದೆನೆಂದು ಒಪ್ಪಿಕೊಳ್ಳಬೇಕಾಗಿದೆ. ಎರಡು ವರ್ಷ ಸುಖವಾಗಿ ನಡೆದಮೇಲೆ, ಉತ್ಸಾಹ ಹೆಚ್ಚಲೆಂದು, ವರ್ಷಾಂತ್ಯದಲ್ಲಿ ಅತ್ಯುತ್ತಮ ಚಿತ್ರಕ್ಕೆ ಬೆಳ್ಳಿಯ ಬಟ್ಟಲೊಂದನ್ನು ಬಹುಮಾನವಾಗಿ ಕೊಡೋಣವೆಂದು ಸೂಚಿಸಿದೆನು. ಎಲ್ಲರೂ ಒಪ್ಪಿದರು. ಆ ದಿನದಿಂದ ಬಳಗದ ಗಾಳಿಯೇ ಬೇರೆಯಾಯಿತು. ಹಿಂದೆ ಅರ್ಧ ಬರೆದದ್ದನ್ನು ತೋರಿಸಿ ಸಲಹೆ ಕೇಳುತ್ತಿದ್ದವರು ಈಗ ಹಾಳೆಯನ್ನು ಮಗುಚಿಡತೊಡಗಿದರು. ಕಾಫಿಯ ಡಿಕಾಕ್ಷನ್ನಿನಿಂದ ಮಣ್ಣಿನ ಬಣ್ಣ ಹಚ್ಚುತ್ತಿದ್ದ ಔಷಧಿಯಂಗಡಿಯವರು ಬೆಲೆಬಾಳುವ ಬಣ್ಣದ ಪೆಟ್ಟಿಗೆಯನ್ನು ಕೊಂಡರು. ಓರಗಿತ್ತಿಯರಿಬ್ಬರು ಒಂದೇ ಅಡಿಗೆಮನೆಯಲ್ಲಿದ್ದುಕೊಂಡು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡದಂತಾಯಿತು. ಗಾರ್ಡ್ ಸಾಹೇಬರು ಮಾತ್ರ ಬರುವುದನ್ನೇ ನಿಲ್ಲಿಸಿದರು. ಒಂದು ಸಲ ಜ್ವರ, ಒಂದು ಸಲ ನೆಂಟರು. ಮೂರನೆಯ ಸಲ ಕಾರಣವನ್ನೂ ಹೇಳಲಿಲ್ಲ.

ನಾನು ಯಲಹಂಕಕ್ಕೆ ಹೋದೆನು. ಅವರು ಜಗಲಿಯ ಮೇಲೆ ಕುಳಿತಿದ್ದರು. ಹಿಂದಿನ ಮಳೆಗಾಲದಲ್ಲಿ ಬಂದ ಕಾಯಿಲೆಯಿಂದ ಅವರ ಬಲಗೈ ನಡುಗುತ್ತಿದ್ದುದನ್ನು ನಾನು ಕಂಡಿದ್ದೆನಾದರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಅವರ ಪತ್ನಿಯವರು ಒಳಗಿನಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳ ಒಂದು ಕಟ್ಟನ್ನು ತಂದು, "ನೋಡಿ, ನಿಮಗೆ ತೋರಿಸಬೇಡವೆನ್ನುತ್ತಾರೆ" ಎಂದು ನನ್ನ ಕೈಯಲ್ಲಿಟ್ಟರು. ನಾವು ಎತ್ತಿದ್ದ ಚೀಟಿಗಳೆಲ್ಲವೂ ಅಲ್ಲಿದ್ದುವು. ಸಭೆಗೆ ಬಾರದಿದ್ದರೂ ಅವರು ಒಂದು ಸಮಸ್ಯೆಯನ್ನೂ ಬಿಟ್ಟಿರಲಿಲ್ಲ. ಪ್ರತಿ ಸಲವೂ ಉಪಾಧ್ಯಾಯಿನಿಯವರಿಗೆ ದೂರವಾಣಿಯಲ್ಲಿ ಮಾತನಾಡಿ ಚೀಟಿಯಲ್ಲಿದ್ದುದನ್ನು ಕೇಳಿ ತಿಳಿಯುತ್ತಿದ್ದರಂತೆ. ಗೇಟಿನ ಮೇಲೆ ಬಿದ್ದ ಬೇವಿನ ಮರದ ನೆರಳನ್ನು ಬರೆದಿದ್ದ ಹಾಳೆಯೊಂದನ್ನು ನಾನು ಕೆಳಗಿಡಲಾರದೆ ಹೋದೆನು. ನಡುಗುವ ಕೈಯ ಗೆರೆಗಳಲ್ಲಿ ಎಲೆಗಳು ನಿಜವಾಗಿಯೂ ಗಾಳಿಗೆ ಅಲುಗುವಂತಿದ್ದುವು. "ಇದನ್ನೇಕೆ ತರಲಿಲ್ಲ?" ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಯರೇ, ಪಂದ್ಯಕ್ಕೆ ಕೈ ಗಟ್ಟಿಯಿರಬೇಕು. ಸಮಸ್ಯೆಗಾದರೆ ಮನಸ್ಸಿದ್ದರೆ ಸಾಕಾಗಿತ್ತು" ಎಂದರು.

ಬಸ್ಸಿನಲ್ಲಿ ಹಿಂತಿರುಗುವಾಗ ಆ ಮಾತನ್ನೇ ತಿರುತಿರುಗಿಸಿ ನೋಡಿದೆನು. ಪಂದ್ಯದಲ್ಲಿ ಗೆಳೆಯನು ನಮ್ಮ ಎದುರಿಗೆ ಕುಳಿತಿರುತ್ತಾನೆ. ಸಮಸ್ಯಾಪೂರಣದಲ್ಲಿ ಎದುರಿಗಿರುವುದು ಸಮಸ್ಯೆ. ಗೆಳೆಯರೆಲ್ಲರೂ ಒಂದೇ ಪಕ್ಕದಲ್ಲಿರುತ್ತಾರೆ. ಬಹುಮಾನವು ಕಲಾವಿದರಿಗೆ ಶೋಭೆ ತರಬಹುದು. ಅದನ್ನು ಹಳಿಯುವುದು ನನ್ನ ಅಭಿಪ್ರಾಯವಲ್ಲ. ಆದರೆ ಹವ್ಯಾಸಿಗಳ ಬಳಗದಲ್ಲಿ ಅದು ಸಮಸ್ಯೆಯನ್ನು ನಡುವಿನಿಂದ ಎತ್ತಿಬಿಟ್ಟು ಆ ಜಾಗದಲ್ಲಿ ಗೆಳೆಯನನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ಬಸ್ಸು ನಮ್ಮ ಬಡಾವಣೆಗೆ ಬಂದಿತು. ಅದರ ಹೆಸರನ್ನು ನಾವು ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿ, ಅದು ಯಾರದೆಂಬುದನ್ನೇ ಮರೆತಿದ್ದೇವೆ. ಆ ರವೀಂದ್ರರು ಚಿತ್ರಕಲೆಗೆ ಮನಸ್ಸು ಕೊಟ್ಟುದು ಅರುವತ್ತು ದಾಟಿದಮೇಲೆ. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳ ಗೀಟುಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದಾಗ ಹಕ್ಕಿ, ಮೃಗ, ಮುಖಗಳು ಎದ್ದುವು. 1930ರಲ್ಲಿ ಪ್ಯಾರಿಸ್ ನಗರದಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು; ಅವರು ಬರೆದವು ಒಟ್ಟು ಎರಡು ಸಾವಿರಕ್ಕೂ ಮಿಕ್ಕವು. ತಪ್ಪಿನ ಗೀಟಿನಿಂದಲೇ ಚಿತ್ರ ಹುಟ್ಟಬಹುದಾದರೆ ನಡುಗುವ ಗೀಟಿಗೆ ನಾಚಿಕೆಯೇಕೆ?

ಮುಂದಿನ ಸಭೆಯಲ್ಲಿ ನಾನು ತಪ್ಪೊಪ್ಪಿಕೊಂಡು ಬಟ್ಟಲಿನ ಮಾತನ್ನು ಹಿಂತೆಗೆದುಕೊಂಡೆನು. ಆ ಹಣದಿಂದ ಎಲ್ಲರಿಗೂ ಕಾಗದ ಬಂದಿತು. ಹೊಸ ನಿಯಮಗಳು ಮೂರೇ. ಕಾಗದವು ಅಂಚೆಯ ಕಾರ್ಡಿಗಿಂತ ದೊಡ್ಡದಾಗಿರಬಾರದು. ಸಣ್ಣ ಹಾಳೆಯು ಹೆದರಿಸುವುದಿಲ್ಲ, ಒಂದು ಗಂಟೆಯಲ್ಲಿ ತುಂಬುತ್ತದೆ. ಚಿತ್ರವನ್ನು ನೋಡಿದವರು 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಎರಡು ಮಾತುಗಳನ್ನು ಬಿಟ್ಟು, ತಮಗೆ ಏನು ಕಾಣುತ್ತಿದೆಯೆಂಬುದನ್ನು ಹೇಳಬೇಕು. ಮತ್ತು ಬರಲಾರದವರು ಒಬ್ಬರಿದ್ದರೆ ಸಭೆಯು ಅವರ ಮನೆಗೆ ಹೋಗಬೇಕು.

ವಾಚಕರಲ್ಲಿ ಯಾರಿಗಾದರೂ ಇಂತಹ ಬಳಗ ಕಟ್ಟುವ ಮನಸ್ಸಾದರೆ ಹೆಚ್ಚಿನ ಸನ್ನಾಹ ಬೇಡ. ಇಬ್ಬರು ಸ್ನೇಹಿತರು, ಒಂದು ಚೊಂಬು, ತಪ್ಪಿಸಬಾರದ ಒಂದು ದಿನ, ಇಷ್ಟು ಸಾಕು. ಚೀಟಿಯಲ್ಲಿ 'ಪ್ರಕೃತಿಸೌಂದರ್ಯ'ದಂತಹ ದೊಡ್ಡ ಮಾತನ್ನು ಬರೆಯದೆ, 'ಅರ್ಧ ಕುಡಿದಿಟ್ಟ ಲೋಟ', 'ಕೊಡೆ', 'ಅಜ್ಜಿಯ ಕನ್ನಡಕ' ಎಂಬಂತಹ ಕೈಗೆಟಕುವ ವಸ್ತುಗಳನ್ನು ಬರೆಯಿರಿ. ಹತ್ತು ವರ್ಷಗಳಿಂದ ಮನೆಯಲ್ಲಿರುವ ಕೊಡೆಯನ್ನು ನೀವು ಎಂದೂ ನೋಡಿರಲಿಲ್ಲವೆಂಬುದು ಆಗಲೇ ತಿಳಿಯುವುದು.

ಈಗ ನಾವು ಭಾನುವಾರಗಳಂದು ಯಲಹಂಕದಲ್ಲಿಯೇ ಸೇರುತ್ತೇವೆ. ಕಳೆದ ಬಾರಿ ಬಂದ ಚೀಟಿಯಲ್ಲಿ 'ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು' ಎಂದಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಚಪ್ಪಲಿಗಳನ್ನು ಬರೆದು ತಂದಿದ್ದೆವು. ಗಾರ್ಡ್ ಸಾಹೇಬರ ಹಾಳೆಯಲ್ಲಿ ಮಾತ್ರ ನಾಲ್ಕು ಜೊತೆಗಳಿದ್ದುವು. ಔಷಧಿಯಂಗಡಿಯವರ ಕಿತ್ತ ಉಂಗುಟ, ನನ್ನ ಸವೆದ ಹಿಮ್ಮಡಿ, ಎಲ್ಲವನ್ನೂ ಗುರುತಿಸಬಹುದಾಗಿತ್ತು. ಗೆರೆಗಳು ಈಗಲೂ ನಡುಗುತ್ತವೆ. ಅದನ್ನು ನೋಡಿದಾಗ ಏನು ಕಾಣುತ್ತಿದೆಯೆಂದು ಹೇಳುವ ಸರದಿ ನನ್ನದಾಗಿತ್ತು. "ನಾವು ಒಳಗಿದ್ದೇವೆ" ಎಂದೆನು.